ನಾನು ಬೆಳೆಸಿದ ಕರಕಿ

ನಮ್ಮ ಅತ್ತೆಯವರ ಕೈಚೀಲವನ್ನು ನಾನು ಇಪ್ಪತ್ತೆರಡು ವರ್ಷಗಳಿಂದ ಬಲ್ಲೆ. ಹಸಿರು ಬಣ್ಣದ್ದು, ಹಿಡಿಕೆ ಹರಿಯಬಾರದೆಂದು ಹಳೆಯ ಇಳಕಲ್ ಸೀರೆಯ ಅಂಚನ್ನು ಸುತ್ತಿ ಹೊಲಿದದ್ದು. ರನ್ನ ಬೆಳಗಲಿಯಿಂದ ಬನಹಟ್ಟಿಯ ನಮ್ಮ ಮನೆಗೆ ಬಂದಾಗಲೆಲ್ಲ ಅವರು ಅದನ್ನು ಬಾಗಿಲ ಹಿಂದಿನ ಗೂಟಕ್ಕೆ ನೇತುಹಾಕುತ್ತಾರೆ. ಒಳಗಿರುವ ಎರಡು ಸೀರೆಗಳಿಗೆಂದು ನಾನು ಕಪಾಟಿನಲ್ಲಿ ಒಂದು ಅರೆಯನ್ನು ಖಾಲಿ ಮಾಡಿ, ಹಾಳೆ ಹಾಸಿ, ನುಸಿಗುಳಿಗೆ ಇಟ್ಟರೂ ಅವು ಅಲ್ಲಿಗೆ ಬರುವುದಿಲ್ಲ. ಒಗೆದು ಒಣಗಿಸಿದ ಸೀರೆ ಮಡಿಕೆಯಾಗಿ ಮತ್ತೆ ಚೀಲಕ್ಕೇ ಹೋಗುತ್ತದೆ. ಏಳನೆಯ ದಿನ ಚೀಲ ಗೂಟದಿಂದ ಇಳಿಯುತ್ತದೆ. ಎಂಟನೆಯ ದಿನ ಬೆಳಗಿನ ಬಸ್ಸು.

"ನಿಮ್ಮ ಮನ್ಯಾಗ ಎಲ್ಲಾ ಛಲೋ ಐತಿ ಬೇ," ಎನ್ನುತ್ತಾರೆ ಹೊರಡುವಾಗ. "ಆದ್ರ ಕೈ ಎಲ್ಲಿ ಇಡಬೇಕು ಅನ್ನೂದ ತಿಳಿಯಂಗಿಲ್ಲ."

ಈ ವರ್ಷ ಶಿವರಾತ್ರಿಯ ಹೊತ್ತಿಗೆ ಅವರ ಮೊಣಕಾಲು ಬಾತುಕೊಂಡಿತು. ಡಾಕ್ಟರು ಎರಡು ತಿಂಗಳು ದಿನಾ ವ್ಯಾಯಾಮ ಮಾಡಿಸಬೇಕೆಂದರು. ಮಾಡಿಸುವವರು ಇರುವುದು ನಮ್ಮ ಓಣಿಯ ತುದಿಯಲ್ಲಿ. ಹಾಗಾಗಿ ಎರಡು ತಿಂಗಳು ನಮ್ಮಲ್ಲಿಯೇ ಇರುವುದೆಂದು ತೀರ್ಮಾನವಾಯಿತು. ಈ ಸುದ್ದಿ ಕೇಳಿ ನನ್ನ ನೆಗೆಣ್ಣಿ, ಎಂದರೆ ಊರಲ್ಲಿರುವ ಭಾವನವರ ಹೆಂಡತಿ, ಫೋನಿನಲ್ಲಿ ನಕ್ಕಳು.

"ಎರಡ ತಿಂಗಳಾ? ನಿನ್ನ ಕಾನ್ವೆಂಟ್ ಮನ್ಯಾಗಾ? ಒಂಬತ್ತನೇ ದಿನ ಅತ್ತಿ ಅಲ್ಲೇ ಇದ್ರ ನನಗ ಫೋನ್ ಹಚ್ಚು, ಹೋಳಗಿ ಮಾಡಿ ಕಳಸ್ತೇನಿ."

ನಾನೂ ನಕ್ಕೆ. ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದೇ ಅದು, ಚುಚ್ಚಿದವರಿಗೂ ನಗು ಕೊಡಬೇಕು. ಫೋನು ಇಟ್ಟ ಮೇಲೆ ನಗು ಹೋಯಿತು, ಮಾತು ಉಳಿಯಿತು. ಈ ಸಲ ಅವರನ್ನು ಉಳಿಸಿಕೊಳ್ಳಲೇಬೇಕು ಎಂದುಕೊಂಡೆ. ಅತ್ತೆಯನ್ನು ಉಳಿಸಿಕೊಳ್ಳುವ ಉಪಾಯವೆಂದು ನನ್ನ ತಲೆಗೆ ಹೊಳೆದದ್ದು ಲಾನು.

ನಗಬೇಡಿ, ಕಾರಣವಿದೆ. ಬೆಳಿಗ್ಗೆ ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆದರೆ ಮೊಣಕಾಲಿಗೆ ಒಳ್ಳೆಯದೆಂದು ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಕೇಳಿದ್ದೆ. ಎಲ್ಲರಿಗೂ ನಾನು ಹೇಳಿದ ಕಾರಣವೂ ಅದೇ. ಹೇಳದೆ ಬಿಟ್ಟದ್ದು ಇನ್ನೊಂದಿತ್ತು. ನಮ್ಮ ಸಾಲೆಯಲ್ಲಿ ಪ್ರಾರ್ಥನೆಯ ಕೋಣೆಗೂ ಕ್ಲಾಸಿಗೂ ನಡುವೆ ಒಂದು ಲಾನು ಇತ್ತು. ಸುತ್ತಲೂ ಓರೆಯಾಗಿ ಹುಗಿದು ಸುಣ್ಣ ಬಳಿದ ಇಟ್ಟಂಗಿ, ಮೂಲೆಯಲ್ಲಿ ಹುಲ್ಲು ತುಳಿಯಬಾರದೆಂಬ ಬೋರ್ಡು. ಹತ್ತು ವರ್ಷ ನಾನು ಅದರ ಸುತ್ತ ಹರಳುಗಲ್ಲಿನ ಹಾದಿಯಲ್ಲಿ ನಡೆದೆ. ಹುಲ್ಲಿನ ಮೇಲೆ ಕಾಲಿಡುತ್ತಿದ್ದವರು ದೊಡ್ಡ ಸಿಸ್ಟರ್ ಒಬ್ಬರೇ. ಒಂದು ಸಲ ಯಾರದೋ ಆಡು. ಕಾಲಿಟ್ಟ ಹುಡುಗಿಯರು ಬೈಸಿಕೊಂಡರು, ಆಮೇಲೆ ನಕ್ಕರು. ನಾನು ವಿಧೇಯ ಹುಡುಗಿ, ಒಂದು ದಿನವೂ ಇಡಲಿಲ್ಲ. ಅತ್ತೆಯವರ ಮೊಣಕಾಲು ನೆವವಾಗಿ ಸಿಕ್ಕಿತು ಅಂದರೆ ಅದೇ ಸರಿ.

ಗೇಟಿನಿಂದ ಮೆಟ್ಟಿಲವರೆಗೆ ನಾಲ್ಕು ಮಂಚ ಹಿಡಿಯುವಷ್ಟು ನೆಲ ನಮಗಿದೆ. ಕಂಪೌಂಡಿನ ಗೋಡೆಯ ಪಕ್ಕ ಇನ್ನೊಂದಿಷ್ಟು. ಇಲ್ಲಿ ಲಾನು, ಅಲ್ಲಿ ತರಕಾರಿ ಎಂದು ಹಾಳೆಯ ಮೇಲೆ ಚಿತ್ರ ಬರೆದು ಬಣ್ಣ ತುಂಬಿದೆ. ಆಮೇಲೆ ಕಲಿಯಲು ಕೂತೆ. ನನಗೆ ಸಿಕ್ಕ ಗುರು ವಿಡಿಯೋದಲ್ಲಿ ದಪ್ಪ ಕೋಟು, ಮೊಣಕಾಲುದ್ದ ಬೂಟು ಹಾಕಿಕೊಂಡ ಒಬ್ಬ ಹೆಂಗಸು. ವಸಂತ ಬಂತು, ಹಿಮ ಕರಗಿತು, ಈಗ ಮಣ್ಣು ಬೆಚ್ಚಗಾಗುವವರೆಗೆ ಕಾಯಿರಿ ಎಂದಳು ಆಕೆ. ನಮ್ಮ ಬನಹಟ್ಟಿಯ ಮಣ್ಣು ಬೆಳಗಿನ ಹತ್ತಕ್ಕೇ ಚಪ್ಪಲಿ ದಾಟಿ ಸುಡುತ್ತಿತ್ತು; ಸಾಕಷ್ಟು ಬೆಚ್ಚಗಾಗಿದೆ ಎಂದು ನಾನು ವಹಿಯಲ್ಲಿ ಬರೆದುಕೊಂಡೆ. ಮಣ್ಣಿಗೆ ಗಾಳಿ ಹೋಗಲು ಸಣ್ಣ ಸಣ್ಣ ತೂತು ಮಾಡಿರಿ ಎಂದಳು. ನಮ್ಮ ಎರೆ ಮಣ್ಣು ಬಿಸಿಲಿಗೆ ತಾನೇ ಬಿರುಕು ಬಿಟ್ಟು ಕೂತಿತ್ತು. ನಾನು ಅಳತೆಗೆಂದು ಇಟ್ಟುಕೊಂಡಿದ್ದ ಸ್ಟೀಲಿನ ಚಮಚ ಒಂದು ಬಿರುಕಿನೊಳಗೆ ಜಾರಿತು. ಅದು ಇನ್ನೂ ಅಲ್ಲೇ ಇದೆ.

ಕೈಗೆ ಪಾತ್ರೆ ತಿಕ್ಕುವ ರಬ್ಬರ್ ಗವಸು ಹಾಕಿಕೊಂಡು ಕಸ ಕೀಳುತ್ತಿದ್ದಾಗ ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿದಳು. ಅವರದು ನೇಕಾರರ ಮನೆ. ಹಿಂದಿನ ಕೋಣೆಯಲ್ಲಿ ಆರು ಪವರ್‌ಲೂಮು ದಿನವಿಡೀ ಬಡಿಯುತ್ತವೆ. ಕರೆಂಟು ಹೋದಾಗ ಮಾತ್ರ ಆಕೆಗೆ ಮಾತು ಬರುತ್ತದೆ.

"ಏನ್ರೀ ಅಕ್ಕಾರ, ಆಪರೇಶನ್ ಮಾಡಾಕತ್ತೀರೇನು?"

"ಕಸಾ ಕೀಳಾಕತ್ತೇನ್ರಿ."

"ಆ ಕಸಾ ಇತ್ತಾಗ ಒಗೀರಿ, ನನಗ ಬೇಕು."

ಹಸುವಿಗೆ ಇರಬೇಕೆಂದುಕೊಂಡು ಬುಟ್ಟಿಗಟ್ಟಲೆ ಕೊಟ್ಟೆ. ಮಧ್ಯಾಹ್ನ ಆಕೆ ಬಿಸಿ ರೊಟ್ಟಿ, ಬಟ್ಟಲು ತುಂಬ ಪಲ್ಲೆ ಕಳಿಸಿದಳು. ಸ್ವಲ್ಪ ಹುಳಿ, ಬೇಳೆಯೊಳಗೆ ಬೆಂದು ಮೆತ್ತಗಾದ ದಪ್ಪ ಎಲೆ, ಮೇಲೆ ಬೆಳ್ಳುಳ್ಳಿಯ ಒಗ್ಗರಣೆ. ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಬಟ್ಟಲು ತಿರುಗಿ ಕೊಡುವಾಗ, "ಇದ್ಯಾವ ಪಲ್ಲೆರೀ, ಬಜಾರದಾಗ ಎಲ್ಲಿ ಸಿಗತೈತಿ?" ಎಂದು ಕೇಳಿದೆ. ಆಕೆ ನನ್ನ ಮುಖವನ್ನೇ ನೋಡಿದಳು.

"ಗೋಳಿ ಪಲ್ಲೆರೀ. ಬೆಳಿಗ್ಗೆ ನೀವ ಕಿತ್ತ ಒಗದ್ರೆಲ್ಲ."

ತಿನ್ನುವುದನ್ನು ಕಿತ್ತು ಮುಗಿಸಿದ ಮೇಲೆ ಬೆಳೆಸುವುದನ್ನು ತರಿಸಿದೆ. ಜಮಖಂಡಿಯ ನರ್ಸರಿಯವರು ಟೆಂಪೋದಲ್ಲಿ ಎರಡು ಗೋಣಿಚೀಲ ಹುಲ್ಲಿನ ಬೇರು ತಂದಿಳಿಸಿದರು. ಬರ್ಮುಡಾ ಹುಲ್ಲು ಎಂದರು. ಆ ಹೆಸರು ಕೇಳಿಯೇ ನನಗೆ ಹಿತವಾಯಿತು, ಸಮುದ್ರದ ಗಾಳಿ ಬಂದಂತೆ.

"ನಮ್ಮ ಬಿಸಲಿಗೆ ಬದಕತೈತೇನ್ರಿ?"

"ಇದನ್ನ ಸಾಯ್ಸಿದವ್ರು ಈ ಸೀಮ್ಯಾಗ ಯಾರೂ ಇಲ್ರೀ ಅಕ್ಕಾರ," ಎಂದರು ಅವರು.

ಪಾಪ, ಪೂರಾ ಸತ್ಯವನ್ನೇ ಹೇಳಿದ್ದರು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಪಕ್ಕದಾಕೆಯಿಂದ ಮಗ್ಗದ ಉಳಿಕೆ ನೂಲು ತಂದು, ಗೂಟಕ್ಕೆ ಗೂಟ ಕಟ್ಟಿ, ಸಾಲು ಸಾಲಾಗಿ ಬೇರು ಊರಿದೆ. ನಾಲ್ಕು ದಿನ ಹಿಡಿಯಿತು. ಬಟ್ಟೆ ವ್ಯಾಪಾರದ ನನ್ನ ಯಜಮಾನರು ಸಂಜೆ ಬಂದು, ಗೇಟಿನಲ್ಲಿ ನಿಂತು ನೋಡಿ, "ಇಂಚಿಗೆ ಎಷ್ಟು ಎಳಿ ಹಾಕಿ?" ಎಂದು ಕೇಳಿ ಒಳಗೆ ಹೋದರು. ಗೋಡೆಯ ಪಕ್ಕದ ಪಾತಿಗಳಲ್ಲಿ ಮೆಂತ್ಯ, ಕೊತ್ತಂಬರಿ, ಬೆಂಡೆ, ಹೀರೆ ಹಾಕಿದೆ. ಕೊತ್ತಂಬರಿ ಕಾಳನ್ನು ಅಡುಗೆಮನೆಯ ಡಬ್ಬಿಯಿಂದಲೇ ತೆಗೆದು, ಒಂದೊಂದನ್ನೇ ಬೆರಳಿನಿಂದ ಒತ್ತಿ ಮಲಗಿಸಿದೆ. ಎರಡು ವಾರದಲ್ಲಿ ಮೆಂತ್ಯ ಎದ್ದಿತು, ಬೆಂಡೆ ಎದ್ದಿತು, ಹುಲ್ಲಂತೂ ಚಿಗುರಿ ಓಡಿತು. ಕೊತ್ತಂಬರಿ ಮಾತ್ರ ಮಲಗಿದ್ದು ಏಳಲೇ ಇಲ್ಲ.

ಊರಿನ ರಾಶಿ ಮುಗಿಯಲಿ ಎಂದು ತಡೆದಿದ್ದ ಅತ್ತೆಯವರು ಆಗ ಬಂದರು. ಚೀಲ ಗೂಟಕ್ಕೆ ಏರಿತು. ಅವರು ಅಂಗಳಕ್ಕೆ ಇಳಿದು, ಹಸಿರಿನ ಕಡೆ ಬಗ್ಗಿ ನೋಡಿ, ಹುಬ್ಬು ಗಂಟಿಕ್ಕಿದರು.

"ಇಲ್ಲಿ ಏನ್ ಬಿತ್ತಿ ಬೇ?"

"ಸರ್ಪ್ರೈಸ್ ಐತ್ರಿ ಅತ್ತಿ. ನಿಮಗಂತನ ಮಾಡೇನಿ. ಈಗ ಕೇಳಬ್ಯಾಡ್ರಿ."

ಸರ್ಪ್ರೈಸ್ ಎನ್ನುವುದೂ ಕಾನ್ವೆಂಟಿನ ಚಟ. ಒಂದು ಮಾತಿನಲ್ಲಿ ಮುಗಿಯುವುದನ್ನು ಬಣ್ಣದ ಕಾಗದದಲ್ಲಿ ಸುತ್ತಿಡುವುದು. ಹುಲ್ಲು ಪೂರ್ತಿ ಹಬ್ಬಿದ ದಿನ ಅವರ ಕೈ ಹಿಡಿದು ಮೊದಲ ಹೆಜ್ಜೆ ಇಡಿಸಬೇಕೆಂದು ನನ್ನ ಯೋಜನೆ. ಅಲ್ಲಿಯವರೆಗೆ ಯಾರೂ ತುಳಿಯಕೂಡದು. ಸುತ್ತ ಇಟ್ಟಂಗಿಯನ್ನು ಓರೆಯಾಗಿ ಹುಗಿದೆ, ಸುಣ್ಣ ಬಳಿದೆ. ಮೂರನೆಯ ದಿನ ಅತ್ತೆಯವರು ಮರೆತು ಒಂದು ಕಾಲು ಒಳಗಿಟ್ಟಾಗ ನಾನು ಮೆಟ್ಟಿಲ ಮೇಲಿಂದಲೇ ಕೂಗಿದೆ: "ಅತ್ತೀ, ಅಲ್ಲಿ ಬ್ಯಾಡ್ರಿ! ಇನ್ನೂ ಎಳೇದೈತಿ!"

ಅವರು ಕಾಲು ತೆಗೆದರು. ಬಾತ ಮೊಣಕಾಲು ಎಳೆಯುತ್ತ ಇಟ್ಟಂಗಿಯ ಅಂಚು ಹಿಡಿದು ಸುತ್ತು ಬಳಸಿ ಗೇಟಿಗೆ ಹೋದರು. ಯಾರ ಮೊಣಕಾಲಿಗಾಗಿ ಹುಲ್ಲು ಹಚ್ಚಿದ್ದೆನೋ ಅವರನ್ನೇ ಹರಳಿನ ಹಾದಿಗೆ ಅಟ್ಟಿದ್ದೆ. ದೊಡ್ಡ ಸಿಸ್ಟರ್ ನೋಡಿದ್ದರೆ ನನ್ನ ಬೆನ್ನು ತಟ್ಟುತ್ತಿದ್ದರು.

ಆರನೆಯ ದಿನ ನಾನು ಬೀಳಗಿಗೆ ಹೋಗಬೇಕಾಯಿತು. ತಂಗಿಯ ಹೊಸ ಮನೆಯ ವಾಸ್ತುಶಾಂತಿ, ತಪ್ಪಿಸುವಂತಿರಲಿಲ್ಲ. ಯಜಮಾನರೂ ವ್ಯಾಪಾರಕ್ಕೆಂದು ಇಚಲಕರಂಜಿಗೆ ಹೊರಟಿದ್ದರು. ಹುಲ್ಲಿಗೆ ನೀರು ಬಿಡಲು ಪಕ್ಕದಾಕೆಗೆ ಹೇಳಿದೆ. ಅತ್ತೆಯವರಿಗೆ, "ನಾ ಬರೂತನಕ ಹೋಗಬ್ಯಾಡ್ರಿ," ಎಂದು ಕೈ ಹಿಡಿದು ಹೇಳಿದೆ. ಅವರು ಚೀಲದ ಕಡೆ ನೋಡಿ, "ಹೂಂ," ಎಂದರು.

ಎಂಟನೆಯ ದಿನ ಮುಂಜಾನೆ ಬಂದು ಗೇಟು ತೆಗೆದೆ. ಲಾನು ಇರಲಿಲ್ಲ.

ಇದ್ದದ್ದು ಕರಿ ಮಣ್ಣು. ಅಗೆದು, ಹೆಂಟೆ ಒಡೆದು, ಜರಡಿ ಹಿಡಿದ ಹಿಟ್ಟಿನಂತೆ ಹರಡಿತ್ತು. ಕಂಪೌಂಡಿನ ಗೋಡೆಯ ಮೇಲೆ ಉದ್ದಕ್ಕೂ ನನ್ನ ಹುಲ್ಲು ಬೇರುಸಹಿತ ಒಣಗಲು ಬಿದ್ದಿತ್ತು. ನಡುವೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ಅತ್ತೆಯವರು ಕೂತಿದ್ದರು, ಕೈಯಲ್ಲಿ ಕಸ ಕೀಳುವ ಕುರ್ಪಿ, ಸೆರಗಿನ ತುಂಬ ಮಣ್ಣು. ನನ್ನನ್ನು ಕಂಡು ಅವರ ಮುಖ ಅರಳಿತು. ಇಪ್ಪತ್ತೆರಡು ವರ್ಷದಲ್ಲಿ ನಮ್ಮ ಮನೆಯಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

"ನೋಡ ಬೇ! ಒಂದ ಗೆಣ್ಣ ಬಿಟ್ಟಿಲ್ಲ!"

ನಾನು ಗೋಡೆಯ ಮೇಲಿಂದ ಒಂದು ಎಳೆ ಎತ್ತಿಕೊಂಡೆ.

"ನೀ ಏನ್ ಬಿತ್ತಿದ್ಯೋ ಏನೋ, ಕರಕಿ ಪೂರಾ ನುಂಗಿತ್ತು. ದಿನಾ ನೋಡೀ ನೋಡೀ ನನ್ನ ಹೊಟ್ಯಾಗ ಬೆಂಕಿ ಬೀಳ್ತಿತ್ತು. ನೀ ನೋಡಿದ್ರ ನೀರ ಬ್ಯಾರೆ ಬಿಡ್ತಿದ್ದಿ! ಪ್ಯಾಟಿ ಹುಡುಗಿ, ಕರಕಿ ಅಂದ್ರ ಏನು ತಿಳಿಯಂಗಿಲ್ಲ, ಮನಸಿಗೆ ಹಚ್ಚಿಕೊಂತಾಳ ಅಂತ ಸುಮ್ಮಿದ್ದೆ. ನೀ ಊರಿಗೆ ಹ್ವಾದಿ, ಛಲೋ ಆತು ಅಂದೆ."

ಬರ್ಮುಡಾ ಎಂದು ನಾನು ತರಿಸಿದ್ದು ಹೊಲದ ಕಳೆ ಕರಕಿ, ಪೂಜೆಯ ಗರಿಕೆ. ಆಮೇಲೆ ಬಕೆಟ್ಟಿನ ಮೇಲೆ ಕೂತೇ ಅವರು ಹೇಳಿದರು. ಅವರು ಮದುವೆಯಾಗಿ ಬೆಳಗಲಿಗೆ ಬಂದಾಗ ಮನೆಗಿದ್ದ ಒಂದೇ ಪಟ್ಟಿ ಹೊಲದಲ್ಲಿ ಜೋಳಕ್ಕಿಂತ ಕರಕಿಯೇ ಹೆಚ್ಚಂತೆ. ಗಂಡ ಗುದ್ದಲಿಯಿಂದ ಅಗೆಯುವುದು, ಇವರು ಹಿಂದೆ ಕೂತು ಬೇರು ಆರಿಸುವುದು. ಒಂದು ಗೆಣ್ಣು ಉಳಿದರೂ ಮಳೆಗೆ ಮತ್ತೆ ಹೊಲ ಹಿಡಿಯುತ್ತದೆ. ಮೂರು ಬೇಸಿಗೆ ಹಾಗೆ ಕೂತರಂತೆ. "ಆಗಿಂದನ ಈ ಮೊಣಕಾಲ ಹೋದದ್ದು," ಎಂದರು, ಬಹುಮಾನ ತೋರಿಸುವವರ ಹಾಗೆ ಮೊಣಕಾಲು ತಟ್ಟಿಕೊಂಡು. "ಗಣಪ್ಪಗ ಏರಸಾಕ ಒಂದ ಹಿಡಿ ಇದ್ರ ಸಾಕವ್ವ. ಅಂಗಳದಾಗ ಯಾಕ ಬೇಕು?"

"ಥ್ಯಾಂಕ್ಯೂ ಅತ್ತಿ," ಎಂದಿತು ನನ್ನ ಬಾಯಿ, ತಾನಾಗಿ. ಒಳಗೆ ಹೋಗಿ ಬಚ್ಚಲಿನ ನಳ ತಿರುವಿ, ಅದರ ಸದ್ದಿನಲ್ಲಿ ಅತ್ತುಬಿಟ್ಟೆ. ಎರಡು ಚೀಲ ಹುಲ್ಲಿಗಾಗಿ ಐವತ್ತರ ಹತ್ತಿರದ ಹೆಂಗಸೊಬ್ಬಳು ನಳ ಬಿಟ್ಟುಕೊಂಡು ಅಳುವುದನ್ನು ನೆನೆದು ನಡುವೆಯೇ ನಗು ಬಂತು. ಹೊರಗೆ ಬಂದು ಪಕ್ಕದಾಕೆಯನ್ನು ಗೋಡೆಯ ಹತ್ತಿರ ಕರೆದೆ.

"ನಿಮಗ ಗೊತ್ತಿತ್ತಲ್ರಿ, ನಾನ ಹಚ್ಚಿದ್ದು ಅಂತ?"

"ಹೇಳಿದ್ನಿರಿ ಅಕ್ಕಾರ! ಅಕ್ಕಾರ ಕೈಯಾರೆ ಹಚ್ಚ್ಯಾರ ಅಂದೆ. 'ಹುಚ್ಚಿ, ಕರಕಿ ಯಾರರ ಹಚ್ತಾರೇನು?' ಅಂದ್ರು. ಅವ್ರ ಅಷ್ಟು ಗಟ್ಟ್ಯಾಗಿ ಅಂದ ಮ್ಯಾಗ ನನಗೂ ಖರೆ ಅನಸ್ತು. ನಾನ ಬುಟ್ಟಿ ಎತ್ತಿ ಕೊಟ್ನಿರಿ."

ಅತ್ತೆಯವರಿಗೆ ಏನೂ ಹೇಳಬಾರದೆಂದು ನಿಶ್ಚಯಿಸಿದೆ. ಆ ನಗುವಿನ ಮುಂದೆ ಹೇಳಲು ಬಾಯಿಯೂ ಬರುತ್ತಿರಲಿಲ್ಲ. ಆದರೆ ಯಜಮಾನರಿಗೆ ಹೇಳಿಡುವುದನ್ನು ಮರೆತೆ. ಮಧ್ಯಾಹ್ನ ಅವರು ಬಂದವರೇ ಊಟಕ್ಕೆ ಕೂತು, ರೊಟ್ಟಿ ಮುರಿಯುತ್ತ ಕೇಳಿದರು: "ಅಂಗಳದಾಗಿನ ಹುಲ್ಲು ಎಲ್ಲಿ ಹೋತು? ಜಮಖಂಡಿಯಿಂದ ಎರಡ ಚೀಲ ಟೆಂಪೋದಾಗ ಬಂದಿತ್ತಲ್ಲ. ಅವ್ವನ ಮೊಣಕಾಲಿಗಂತ ನಾಕ ದಿನ ಕುಂತು ಹಚ್ಚಿದ್ದಿ."

ಅತ್ತೆಯವರ ಕೈ ತಟ್ಟೆಯ ಮೇಲೆ ನಿಂತಿತು.

"ಕರಕಿನ? ತರಿಸಿ ಹಚ್ಚಿದ್ದಾ?"

"ಹೂಂನಬೇ. ಅದರ ಮ್ಯಾಲೆ ಬರಗಾಲಲೆ ನಡದ್ರ ಛಲೋ ಅಂತ."

ಅವರು ಉಳಿದ ರೊಟ್ಟಿ ತಿಂದರು, ಕೈ ತೊಳೆದರು. ಸಂಜೆ ನಾನು ದೀಪ ಹಚ್ಚುವಾಗ ನೋಡಿದೆ, ಗೂಟ ಖಾಲಿಯಾಗಿತ್ತು. ಚೀಲ ಮಂಚದ ಮೇಲೆ ಬಾಯಿ ತೆರೆದು ಕೂತಿತ್ತು, ಎರಡು ಸೀರೆ ಅದರೊಳಗೆ.

ಮರುದಿನ ಮುಂಜಾನೆ ಅವರು ಚೀಲ ಹಿಡಿದು ಮೆಟ್ಟಿಲಿಳಿದರು. ಒಂಬತ್ತನೆಯ ದಿನ. ನೆಗೆಣ್ಣಿಯ ಹೋಳಿಗೆ ಬಸ್ ನಿಲ್ದಾಣದವರೆಗೂ ಬಂದು ತಿರುಗಿ ಹೋಗುವುದು ನನಗೆ ಕಂಡಿತು.

"ಅತ್ತಿ, ವ್ಯಾಯಾಮಾ ಇನ್ನೂ ಏಳು ವಾರ ಉಳದೈತ್ರಿ."

"ಊರಾಗ ಮಾಡ್ಕೊಂತೇನಿ. ಪ್ರೀತೀಲೆ ಹಚ್ಚಿದ್ದನ್ನ ಬೇರಸಹಿತ ಕಿತ್ತ ಒಗದೆ. ಇನ್ನ ಏನ್ ಮಾರಿ ತೋರಸ್ಲಿ? ನಿನ್ನ ಮನಿ ರೀತಿ ನನಗ ತಿಳಿಯಂಗಿಲ್ಲಬೇ."

"ನಂದ ತಪ್ಪರಿ. ನಾ ಹೇಳಬೇಕಿತ್ತು."

ಅವರು ಗೇಟಿನತ್ತ ನಡೆದರು. ಈಗ ಲಾನು ಇಲ್ಲದಿದ್ದರೂ ಇಟ್ಟಂಗಿಯ ಅಂಚು ಬಳಸಿಯೇ, ಗೋಡೆಯ ಪಕ್ಕದಿಂದ. ಹಾಗೆ ಹೋದದ್ದರಿಂದ ಕೊತ್ತಂಬರಿಯ ಪಾತಿಯ ಮುಂದೆ ಬಂದರು. ನಿಂತರು. ಬೋಳು ಪಾತಿಯಲ್ಲಿ ನಾನು ಐಸ್‌ಕ್ರೀಮಿನ ಕಡ್ಡಿಗೆ ಹೆಸರಿನ ಚೀಟಿ ಅಂಟಿಸಿ ಚುಚ್ಚಿದ್ದೆ.

"ಇಲ್ಲೇನೈತಿ?"

"ಕೊತ್ತಂಬ್ರಿರೀ."

"ಎಲ್ಲಿ?"

"ಒಳಗ ಐತ್ರಿ. ಹಾಕಿ ಮೂರ ವಾರದ ಮ್ಯಾಲೆ ಆತು."

ಅವರು ಚೀಲ ಕೆಳಗಿಟ್ಟು, ಗೋಡೆ ಹಿಡಿದು ಬಗ್ಗಿ, ಬೆರಳಿನಿಂದ ಮಣ್ಣು ಕೆದರಿದರು. ಒಂದು ಕಾಳು ಬಂತು. ಇಟ್ಟಾಗ ಹೇಗಿತ್ತೋ ಹಾಗೇ, ಗುಂಡಗೆ. ಇನ್ನೊಂದು ಬಂತು. ಅಂಗೈ ಮೇಲಿಟ್ಟು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಇಡೀ ಕಾಳ ಹಾಕೀಯೇನು? ಒಡೀದ?"

"ಒಡೀಬೇಕೇನ್ರಿ?"

ಅವರು ಒಂದು ಕಾಲಿನ ಚಪ್ಪಲಿ ತೆಗೆದು ಕೈಗೆ ತೆಗೆದುಕೊಂಡರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಇಪ್ಪತ್ತೆರಡು ವರ್ಷದ ಮೇಲೆ ಕೊನೆಗೂ ಆ ದಿನ ಬಂತು ಎಂದೇ ತಿಳಿದೆ. ಗೋಡೆಯಾಚೆ ಪಕ್ಕದಾಕೆ, "ಯವ್ವಾ!" ಎಂದಳು, ಕರೆಂಟು ಹೋಗಿತ್ತು, ಎಲ್ಲ ನೋಡುತ್ತಿದ್ದಳು.

"ಡಬ್ಬಿ ತಾ," ಎಂದರು ಅತ್ತೆಯವರು.

ಅಡುಗೆಮನೆಯಿಂದ ಡಬ್ಬಿ ತಂದೆ. ಅವರು ಮೆಟ್ಟಿಲ ಮೇಲೆ ಕೂತು, ಕಲ್ಲಿನ ಮೇಲೆ ಒಂದು ಹಿಡಿ ಕಾಳು ಸುರಿದು, ಚಪ್ಪಲಿಯ ಅಡಿಯಿಂದ ಮೆಲ್ಲಗೆ ತಿಕ್ಕಿದರು. ಕಾಳು ಎರಡೆರಡು ಹೋಳಾಗಿ ಚದುರಿತು. ಒತ್ತಿದರೆ ಪುಡಿಯಾಗುತ್ತದೆ, ಬಿಟ್ಟರೆ ಒಡೆಯುವುದಿಲ್ಲ. ನಾನು ತಿಕ್ಕಿದೆ, ಸಾರಿನ ಪುಡಿಯಾಯಿತು.

"ಸಾರಿಗೆ ಅಲ್ಲಬೇ, ಹೊಲಕ್ಕ! ಕೈ ಹಗರ ಬಿಡು. ಎಷ್ಟ ಸಾಲಿ ಕಲ್ತಿ ನೀ?"

ಬಾಗಿ ಕಾಳು ತಿಕ್ಕುತ್ತ, ಅವರ ಮುಖ ನೋಡಬೇಕಾಗಿಲ್ಲದ ಆ ಹೊತ್ತಿನಲ್ಲಿ, ಸಾಲೆಯ ಲಾನಿನ ಕಥೆ ಹೇಳಿಬಿಟ್ಟೆ. ಮೊಣಕಾಲಿನ ಮಾತು ಅರ್ಧ ಸುಳ್ಳೆಂದೂ ಹೇಳಿದೆ.

"ಹತ್ತ ವರ್ಷ ಹುಲ್ಲು ತುಳಿಯಾಕ ಬಿಡ್ಲಿಲ್ಲಾ?" ಅವರು ಚಪ್ಪಲಿ ನಿಲ್ಲಿಸಿದರು. "ನಮ್ಮ ಎಮ್ಮಿನೂ ತುಳೀತೈತಲ್ಲ!"

"ಹೂಂರಿ."

"ಮತ್ತ ಮೊನ್ನಿ ನನಗ ಒದರಿದ್ದಿ, ಎಳೇದೈತಿ ಅಂತ."

"ಹೂಂರಿ."

ಅವರು ನಗತೊಡಗಿದರು. ಹೊಟ್ಟೆ ಕುಣಿಸುತ್ತ, ಕಣ್ಣಲ್ಲಿ ನೀರು ಬರುವವರೆಗೆ. ಹತ್ತರ ಬಸ್ಸಿನ ಹಾರ್ನು ಆಚೆ ರಸ್ತೆಯಲ್ಲಿ ಕೇಳಿಸಿತು. ಇಬ್ಬರೂ ಕೇಳಿಸಿಕೊಂಡೆವು, ಇಬ್ಬರೂ ಅದರ ಮಾತೆತ್ತಲಿಲ್ಲ. ಒಡೆದ ಕಾಳನ್ನು ಹಾಕಲು ಪಾತ್ರೆ ಸಿಗದೆ ಅವರು ಚೀಲವನ್ನು ಎಳೆದುಕೊಂಡು, ಸೀರೆಗಳನ್ನು ನನ್ನ ಮಡಿಲಿಗೆ ಹಾಕಿ, ಕಾಳನ್ನು ಅದರೊಳಗೆ ತುಂಬಿದರು. ನಾನು ಸದ್ದಿಲ್ಲದೆ ಒಳಗೆ ಹೋಗಿ ಸೀರೆಗಳನ್ನು ಕಪಾಟಿನ ಅರೆಯಲ್ಲಿಟ್ಟು ಬಂದೆ.

ಆ ಸಂಜೆ ಅವರು ಗೋಡೆಯ ಮೇಲಿನ ರಾಶಿಯಿಂದ ಇನ್ನೂ ಹಸಿಯಿದ್ದ ನಾಲ್ಕು ಹಿಡಿ ಕರಕಿ ಆರಿಸಿ, ಮೆಟ್ಟಿಲ ಹತ್ತಿರ ಒಂದು ಮಂಚದಷ್ಟು ಜಾಗದಲ್ಲಿ ತಾವೇ ಊರಿದರು. ಸುತ್ತಲೂ ಮೊಳದಾಳ ಅಗೆಸಿ, ನನ್ನ ಸುಣ್ಣದ ಇಟ್ಟಂಗಿಯನ್ನೆಲ್ಲ ಅದರೊಳಗೆ ನಿಲ್ಲಿಸಿ, ಬೇರು ಆಚೆ ಓಡದಂತೆ ಕಟ್ಟು ಮಾಡಿಸಿದರು. ಕೈ ತೊಳೆಯುವ ಮುಂಚೆ ನನ್ನಿಂದ ಆಣೆ ತೆಗೆದುಕೊಂಡರು.

"ನಾ ಕರಕಿ ಹಚ್ಚೀನಿ ಅಂತ ಬೆಳಗಲ್ಯಾಗ ಯಾರಿಗೂ ಹೇಳಬ್ಯಾಡ. ಮಾರಿ ಎತ್ತಾಕ ಬರಂಗಿಲ್ಲ ನನಗ."

ತಿಂಗಳು ಕಳೆದ ಒಂದು ಮುಂಜಾನೆ ಅದು ಹಬ್ಬಿತ್ತು. ಅವರು ನನ್ನನ್ನು ಮುಂದೆ ದೂಡಿ, "ಮೊದಲ ನೀ ತುಳಿ," ಎಂದರು. ಚಪ್ಪಲಿ ಬಿಟ್ಟು ನಿಂತೆ. ನಲವತ್ತು ವರ್ಷ ಆಸೆಪಟ್ಟ ಹುಲ್ಲು ಒರಟಾಗಿ ಚುಚ್ಚಿತು, ಒಂದು ಕೆಂಪಿರುವೆ ಹೆಬ್ಬೆರಳು ಕಚ್ಚಿತು. ನಾನು ಕುಣಿದದ್ದನ್ನು ಅವರು ಸಂತೋಷವೆಂದು ತಿಳಿದರು. ಅದೂ ತಪ್ಪಲ್ಲ.

ಉಳಿದ ನೆಲದಲ್ಲಿ ಈಗ ತರಕಾರಿ. ಮೆಂತ್ಯ ಕೀಳುವವರೆಗೆ ಇರುತ್ತೇನೆ ಎಂದರು, ಕಿತ್ತೆವು. ಬೆಂಡೆಗೆ ಹುಳ ಬಿದ್ದಿದೆ, ನಿನಗೆ ಕಾಣುವುದಿಲ್ಲ ಎಂದರು. ಹೀರೆ ಬಳ್ಳಿ ಪಕ್ಕದಾಕೆಯ ನೂಲು ಹಿಡಿದು ಗೋಡೆ ಹತ್ತಿದೆ. ಕಾಯಿ ನೋಡದೆ ಹೇಗೆ ಹೋಗಲಿ ಎಂದರು. ಎರಡು ತಿಂಗಳು ಮುಗಿದು ಹದಿನೈದು ದಿನವಾದ ಮೇಲೆ ನೆಗೆಣ್ಣಿ ಫೋನು ಮಾಡಿದಳು. ಹೋಳಿಗೆ ಇನ್ನೂ ಬಂದಿಲ್ಲ.

"ಅತ್ತಿ ಯಾವಾಗ ಬರ್ತಾರ?"

ಅತ್ತೆಯವರು ನನ್ನ ಕೈಯಿಂದ ಫೋನು ಕಸಿದುಕೊಂಡರು.

"ಎಲ್ಲಿ ಬರೂದಬೇ? ಈಕಿಗೆ ಕೊತ್ತಂಬ್ರಿ ಬಿತ್ತಾಕ ಸೈತ ಬರಂಗಿಲ್ಲ! ಪಲ್ಲೆ ಯಾವ್ದು ಕಸಾ ಯಾವ್ದು ಗೊತ್ತಾಗಂಗಿಲ್ಲ! ಹೆಂಗ ಬಿಟ್ಟ ಬರ್ಲಿ ಹೇಳು?"

ನಾನು ಪಾತಿಯ ಪಕ್ಕ ಕುರ್ಪಿ ಹಿಡಿದು ನಿಂತು ಕೇಳುತ್ತಿದ್ದೆ. ಸಾಲೆಯ ಬಹುಮಾನದ ದಿನ ನನ್ನ ಹೆಸರು ಓದಿದಾಗಲೂ ಕಿವಿ ಅಷ್ಟು ಬೆಚ್ಚಗಾದ ನೆನಪಿಲ್ಲ. ಬಾಗಿಲ ಹಿಂದಿನ ಗೂಟದಲ್ಲಿ ಹಸಿರು ಚೀಲ ನೇತಾಡುತ್ತಿದೆ, ಅದರ ತುಂಬ ಕೊತ್ತಂಬರಿ ಕಾಳು, ಹೀರೆ ಬೀಜ, ಒಂದು ಹಳೆಯ ಚಪ್ಪಲಿ.

ನನಗೆ ಈಗ ಕೊತ್ತಂಬರಿ ಕಾಳು ಸರಿಯಾಗಿ ಎರಡು ಹೋಳು ಮಾಡಲು ಬರುತ್ತದೆ. ಒಂದು ಮಧ್ಯಾಹ್ನ ಅವರು ಮಲಗಿದ್ದಾಗ ಮಾಡಿ ನೋಡಿದೆ, ಒಂದೂ ಪುಡಿಯಾಗಲಿಲ್ಲ. ಅವರು ಏಳುವುದರೊಳಗೆ ಅಷ್ಟನ್ನೂ ಗೋಡೆಯಾಚೆ ಕೊಟ್ಟುಬಿಟ್ಟೆ.